ಚಾಪೆಯ ಕೆಳಗಿನ ಹೆಸರು

ಸಾತುವೈ, ಸವಾಯಿ ದ್ವೀಪ, ಸಮೋವಾ
4 ಮೇ 1984, ಶುಕ್ರವಾರ

ಅಣ್ಣಾ,

ಬಂದು ಸೇರಿದೆ. ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ, ಅದಕ್ಕೇ ಬಂದು ಸೇರಿದೆ ಎಂದಷ್ಟೇ ಬರೆಯುತ್ತೇನೆ. ಆಕ್ಲೆಂಡಿನಲ್ಲಿ ಗುರುವಾರ ವಿಮಾನ ಹತ್ತಿದವಳು ಇಲ್ಲಿ ಇಳಿದಾಗ ಬುಧವಾರ. ಮುಗಿದುಹೋದ ದಿನವೊಂದನ್ನು ಯಾರೋ ವಾಪಸು ಕೈಗಿಟ್ಟ ಹಾಗೆ. ಕೊಡುವುದೇ ಆದರೆ ಏಪ್ರಿಲ್ ಏಳನೇ ತಾರೀಕನ್ನು ಕೊಡಬಾರದಿತ್ತೆ ಅನ್ನಿಸಿತು.

ಸವಾಯಿಗೆ ಬರುವ ಲಾಂಚಿನಲ್ಲಿ ಹಿಟ್ಟಿನ ಮೂಟೆಗಳ ಮೇಲೆ ಜಾಗ ಸಿಕ್ಕಿತು. ಪಕ್ಕದ ದಪ್ಪ ಹೆಂಗಸು ನನ್ನ ಮುಖ ನೋಡಿದಳು, ಬ್ಯಾಗು ನೋಡಿದಳು, ಮತ್ತೆ ಮುಖ ನೋಡಿದಳು.

“ಯಾರ ಮಗಳೇ ನೀನು?”

“ಸುಮ್ಮನೆ ದ್ವೀಪ ನೋಡೋಕೆ ಬಂದೆ.”

“ಒಬ್ಬಳೇನಾ?”

“ಒಬ್ಬಳೇ.”

“ಅಯ್ಯೋ! ಜೊತೆಗೆ ಬರೋಕೆ ಒಬ್ಬರೂ ಸಿಗಲಿಲ್ವಾ? ಅಷ್ಟು ಕೆಟ್ಟವಳಾ ನೀನು?”

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ದಡ ಬರುವವರೆಗೂ ಸಮುದ್ರ ನೋಡುತ್ತಾ ಕೂತೆ. ಅಪ್ಪನ ಹೆಸರು ಹೇಳಿದ್ದರೆ ಸತ್ತ ಪೆನಿಯ ಹೆಸರೂ ಹಿಂದೆಯೇ ಬರುತ್ತಿತ್ತು, ಅದಕ್ಕೆ ಹೆದರಿದೆ. ಆದರೆ ನನ್ನ ಸುಳ್ಳು ಬಸ್ಸಿಗಿಂತ ಮುಂಚೆ ಊರು ಸೇರಿತ್ತು. ಸುಲಾತಾ ಅತ್ತೆ ಅಂಗಳದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

“ಬಂದ್ಯಾ, ಪ್ರವಾಸಿ? ಲಾಂಚಿನಲ್ಲೇ ಅಪ್ಪನ ಹೆಸರು ನುಂಗಿ ನೀರು ಕುಡಿದ್ಯಂತೆ!”

ಆಮೇಲೆ ಹಿಡಿದುಕೊಂಡು ಅತ್ತಳು. ನನ್ನ ಹಣೆ ಮೂಸಿ, ಅಪ್ಪನ ವಾಸನೆಯೇ ಇಲ್ಲ, ಬರೀ ಸೋಪಿನ ವಾಸನೆ ಅಂದಳು. ಅಪ್ಪ ಸತ್ತಾಗ ನಮ್ಮಮ್ಮ ಒಂದು ಮಗುವನ್ನು ಅಜ್ಜಿಗೆ ಕೊಟ್ಟು, ಇನ್ನೊಂದನ್ನು ಇಂಗ್ಲಿಷ್ ಹಾಸ್ಟೆಲಿಗೆ ಹಾಕಿದ್ದು ಅವಳಿಗೆ ಇನ್ನೂ ಮರೆತಿಲ್ಲ. “ನಮಗೆ ಕೊಟ್ಟಿದ್ದು ಮನುಷ್ಯನಾಯ್ತು. ಅವಳು ಇಟ್ಟುಕೊಂಡಿದ್ದು ಪಲಾಗಿ ಆಯ್ತು,” ಎಂದು ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು. ನನಗೆ ಅರ್ಥವಾಗುವುದಿಲ್ಲ ಅಂದುಕೊಂಡಿದ್ದಾಳೆ. ಬಿಳಿಯಳು ಅನ್ನುವುದಷ್ಟಾದರೂ ಅರ್ಥವಾಗದೆ ಇರುತ್ತದೆಯೇ?

ಇಲ್ಲಿ ಎಲ್ಲ ತಪ್ಪುತ್ತಿದೆ. ಕೂತವರ ಮುಂದೆ ಬೆನ್ನು ಬಗ್ಗಿಸದೆ ನಡೆದೆ. ಕಾಲು ಚಾಚಿ ಕೂತೆ. ಹಾಸ್ಟೆಲಿನ ಅಭ್ಯಾಸ, ಐದು ನಿಮಿಷದಲ್ಲಿ ಊಟ ಮುಗಿಸಿ ತಟ್ಟೆ ಎತ್ತಿಕೊಂಡು ಎದ್ದೆ. ಯಜಮಾನಜ್ಜ ಆಗ ಇನ್ನೂ ಮೊದಲ ತುತ್ತು ಮುರಿಯುತ್ತಿದ್ದರು. “ಕಾಲೇಜಿನಲ್ಲಿ ಇಷ್ಟೆಲ್ಲ ಕಲಿಸ್ತಾರೆ, ಕಾಲು ಮಡಚೋದು ಕಲಿಸಲ್ವಾ?” ಅಂದರು. ಕುಟುಂಬದ ಮಾತು ನಡೆಸುವವರು ಅವರೇ ಆದ್ದರಿಂದ ಯಾರೂ ನಗಲಿಲ್ಲ, ಅವರೊಬ್ಬರೇ ನಕ್ಕರು.

ಆಮೇಲೆ ಅಪಘಾತದ ಬಗ್ಗೆ ಕೇಳಿದರು. ನಾವು ಮಾತಾಡಿಕೊಂಡ ಹಾಗೇ ಹೇಳಿದೆ. ಏಪ್ರಿಲ್ ಏಳರಂದು ಅಣ್ಣ ಎನೋಕಾ ಓಡಿಸುತ್ತಿದ್ದ, ಮಳೆ, ಕಾರು ಜಾರಿ ಸೇತುವೆಯ ಕಟ್ಟೆಗೆ ಹೊಡೆಯಿತು, ಅವನ ಗೆಳೆಯ ಪೆನಿ ಪಕ್ಕದಲ್ಲಿದ್ದ, ನಾನು ಹಿಂದಿನ ಸೀಟಿನಲ್ಲಿ ನಿದ್ದೆಯಲ್ಲಿದ್ದೆ. ಅಜ್ಜ ಕಣ್ಣು ಮುಚ್ಚಿ ಕೇಳಿದರು. “ಹಿಂದೆ ಮಲಗಿದ್ದವಳಿಗೆ ಹಣೆ ಒಡೆದಿದ್ದು ಹೇಗೆ?” ಎಂದು ಕೇಳುತ್ತಾರೆ ಎಂದು ಕಾದೆ. ಕೇಳಲಿಲ್ಲ.

ಬರೆಯಬೇಡ ಅಂದಿದ್ದೆ ನೀನು. ಬರೆಯದೆ ನನಗೆ ಉಸಿರಾಡಲು ಆಗುತ್ತಿಲ್ಲ. ಓದಿ ಸುಟ್ಟುಬಿಡು. ಸ್ಟೀರಿಂಗ್ ಹಿಡಿದಿದ್ದವಳು ನಾನು. ನಿದ್ದೆಯಲ್ಲಿದ್ದವನು ನೀನು. ಪೊಲೀಸರು ಬರುವ ಮುಂಚೆ ನನ್ನನ್ನು ಹುಲ್ಲಿನ ಮೇಲೆ ಕೂರಿಸಿ, “ನೀನು ಹಿಂದೆ ಇದ್ದೆ, ಅಷ್ಟೇ,” ಎಂದು ಹೇಳಿದ್ದು ನೀನು. ನಾನು ತಲೆ ಆಡಿಸಿದೆ. ಆವತ್ತಿನಿಂದ ತಲೆ ಆಡಿಸುತ್ತಲೇ ಇದ್ದೇನೆ.

ಪೆನಿಯನ್ನು ಇಲ್ಲಿಂದ ಆರು ಮೈಲಿ ದೂರದ ಲೆಪುನಾದಲ್ಲಿ ಅವನ ಮನೆಯ ಮುಂದೆಯೇ ಮಣ್ಣು ಮಾಡಿದ್ದಾರಂತೆ. ನಮ್ಮವರು ಇನ್ನೂ ಹೋಗಿ ತಲೆಬಾಗಿಲ್ಲ. ಮನೆಯ ಮಗುವೊಂದು ಬರಲಿ ಎಂದು ಕಾಯುತ್ತಿದ್ದರು. ನಿನ್ನ ಪಾಸ್‌ಪೋರ್ಟು ಪೊಲೀಸರ ಹತ್ತಿರ ಇದೆ, ಆದ್ದರಿಂದ ನಾನು. ಮೇ 28ಕ್ಕೆ ಕೋರ್ಟಿನಲ್ಲಿ ನೀನು ತಪ್ಪೊಪ್ಪಿಕೊಂಡರೆ ಮುಗಿಯಿತು. ಅಷ್ಟರೊಳಗೆ ನಿಜ ಹೇಳಲು ಬಿಡು ಅಣ್ಣಾ. ಬೇಡ ಅನ್ನಬೇಡ.

ಲೇಪೆಕಾ

*

ಆಕ್ಲೆಂಡ್
9 ಮೇ 1984, ಬುಧವಾರ

ತಂಗೀ,

ಬೇಡ.

ಅಕ್ಷರ ಸೊಟ್ಟಗಿದ್ದರೆ ಬೈದುಕೊಳ್ಳಬೇಡ. ಕಾರ್ಖಾನೆಯಲ್ಲಿ ಬಲಗೈ ಬಾಗಿಲಿಗೆ ಸಿಕ್ಕಿತು. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅದಕ್ಕೇ ಚಿಕ್ಕದು.

ಅತ್ತೆ ಏಳುವ ಮುಂಚೆ ಏಳು. ಅಂಗಳ ಗುಡಿಸು. ದೊಡ್ಡವರಿಗೆ ಬಡಿಸಿ, ಅವರು ಉಂಡ ಮೇಲೆ ಉಣ್ಣು. ನಡೆಯುತ್ತಾ ತಿನ್ನಬೇಡ. ಸಂಜೆ ಪ್ರಾರ್ಥನೆಯ ಶಂಖ ಊದಿದ ಮೇಲೆ ರಸ್ತೆಗೆ ಇಳಿಯಬೇಡ. ಯಜಮಾನಜ್ಜ ತಮಾಷೆ ಮಾಡಿದರೆ ಅವರಿಗೆ ನೀನು ಇಷ್ಟ ಎಂದು ಅರ್ಥ.

ಅಜ್ಜಿ ನನ್ನನ್ನು ಹನ್ನೊಂದು ವರ್ಷ ಸಾಕಿದ್ದು ಒಂದೇ ಪಾಠ ಹೇಳಿ. ಎಲ್ಲೋ ಹಾಸ್ಟೆಲಿನಲ್ಲಿ ನಿನಗೊಬ್ಬಳು ತಂಗಿ ಇದ್ದಾಳೆ, ಅವಳ ಮೈಮೇಲೆ ಬೀಳುವ ಏಟು ಮೊದಲು ನಿನ್ನ ಮೇಲೆ ಬೀಳಬೇಕು. ನಿನ್ನ ಮುಖ ನನಗೆ ನೆನಪೂ ಇರದ ಕಾಲ ಅದು. ಮೀನಿನ ಒಳ್ಳೆಯ ತುಂಡು ಎತ್ತಿಟ್ಟು, ಇದು ಲೇಪೆಕಾಳ ಪಾಲು ಅನ್ನುತ್ತಿದ್ದಳು. ನೀನು ಇಲ್ಲದಿದ್ದರೂ ಅದನ್ನು ನಾನು ತಿನ್ನುವ ಹಾಗಿರಲಿಲ್ಲ. ಈಗ ಒಂದೇ ಒಂದು ಸಲ ಆ ಪಾಠ ಉಪಯೋಗಕ್ಕೆ ಬಂದಿದೆ. ಕೆಡಿಸಬೇಡ.

ನೀನು ಮೊದಲನೇ ವರ್ಷ. ಮುಂದೆ ಓದಬೇಕು. ನಾನು ಕುರಿ ಮಾಂಸ ಕತ್ತರಿಸುವವನು, ಎರಡು ವರ್ಷ ಒಳಗಿದ್ದು ಬಂದರೆ ಕುರಿಗಳು ಕಾಯುತ್ತಿರುತ್ತವೆ.

ಆ ವಿಷಯ ಮತ್ತೆ ಬರೆಯಬೇಡ.

ಎನೋಕಾ

*

ಸಾತುವೈ
14 ಮೇ 1984, ಸೋಮವಾರ

ಅಣ್ಣಾ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಇಷ್ಟು ಚಿಕ್ಕದು. ಕೈ ನೋವು ಅಂದೆ, ಆದರೆ ನನ್ನ ಮೇಲಿನ ಸಿಟ್ಟಿಗೇ ಚಿಕ್ಕದಾಗಿ ಬರೆದಿದ್ದೀಯ ಎಂದು ನನಗೆ ಗೊತ್ತು. ಬಾಗಿಲಿಗೆ ಬೆರಳು ಸಿಕ್ಕಿದ ಮಾತ್ರಕ್ಕೆ ಯಾರೂ “ಬೇಡ” ಎಂದು ಒಂದೇ ಪದದ ಸಾಲು ಬರೆಯುವುದಿಲ್ಲ.

ನೀನು ಹೇಳಿದ ಹಾಗೆ ಏಳುತ್ತೇನೆ, ಗುಡಿಸುತ್ತೇನೆ. ಕೆಸವಿನ ಗೆಡ್ಡೆ ಹೆರೆದು ಕೈಯೆಲ್ಲ ತುರಿಕೆ. ಅತ್ತೆ ನೋಡಿ, “ಪಲಾಗಿ ಕೈ ಕಣೇ, ಗೆಡ್ಡೆಗೂ ಗೊತ್ತಾಗ್ತದೆ,” ಅಂದು ತೆಂಗಿನೆಣ್ಣೆ ಹಚ್ಚಿದಳು.

ಇನ್ನೊಂದು ವಿಷಯ. ಹೇಳಬಾರದು ಅಂದುಕೊಂಡಿದ್ದೆ. ಗುರುವಾರ ಬೆಳಿಗ್ಗೆ ಅತ್ತೆಯ ಜೊತೆ ಗುಡ್ಡದ ತೋಟಕ್ಕೆ ಹೋದರೆ, ಕೆಸವಿನ ಗಿಡ ಒಂದೂ ನಿಂತಿರಲಿಲ್ಲ. ಮಚ್ಚಿನಲ್ಲಿ ಕೊಚ್ಚಿದ್ದರು. ಬಾಳೆಯೂ ಹೋಗಿತ್ತು. ನನಗೆ ಹಂದಿ ನುಗ್ಗಿದೆ ಅನ್ನಿಸಿತು, ಹಾಗೇ ಅಂದೆ. ಅತ್ತೆ ಒಂದು ಗಿಡ ಎತ್ತಿ ತೋರಿಸಿದಳು.

“ಹಂದಿ ಇಷ್ಟು ನೀಟಾಗಿ ಕಡಿಯತ್ತಾ? ಇದು ಪೆನಿಯ ಅಣ್ಣಂದಿರು. ಅಲೇಕಿ ಎಡಗೈಯವನು, ಏಟು ನೋಡು ಯಾವ ಕಡೆಯಿಂದ ಬಿದ್ದಿದೆ.”

“ಪೊಲೀಸಿಗೆ ಹೇಳಲ್ವಾ ಅತ್ತೆ?”

“ಏನಂತ? ಅವರ ಹುಡುಗನ್ನ ನಾವು ಕೊಂದ್ವಿ, ಅವರು ನಮ್ಮ ಗೆಡ್ಡೆ ಕೊಂದ್ರು ಅಂತಲಾ?”

ಅವಳು ಅಲ್ಲೇ ಕೂತು ಕಡಿದ ಗಿಡಗಳ ತುದಿಯನ್ನು ಮತ್ತೆ ನೆಡಲು ಶುರುಮಾಡಿದಳು. ನಾನೂ ನೆಟ್ಟೆ. ಕೊಂದ್ವಿ ಅನ್ನುವ ಮಾತನ್ನು ಅವಳು ಎಷ್ಟು ಸಲೀಸಾಗಿ ಎಲ್ಲರ ಮೇಲೂ ಹಂಚಿದಳು. ನನ್ನ ಬಾಯಿಗೆ ಬಂದಿತ್ತು. ನುಂಗಿದೆ.

ನಿನ್ನೆ ಹಿರಿಯರು ಸೇರಿ ನಿರ್ಧಾರ ಮಾಡಿದರು. ಈ ಶನಿವಾರ, 19ಕ್ಕೆ, ಲೆಪುನಾಕ್ಕೆ ಹೋಗುವುದು. ಅವರ ಮನೆಯ ಮುಂದೆ ಹುಲ್ಲಿನ ಮೇಲೆ ಕೂರುವುದು. ಅಜ್ಜಿ ನೇಯ್ದ ಕೇದಗೆಯ ನುಣುಪು ಚಾಪೆ ತಲೆಯ ಮೇಲೆ ಹೊದ್ದುಕೊಳ್ಳುವುದು. ಜೊತೆಗೆ ಕಲ್ಲು, ಸೌದೆ, ಬಾಳೆಲೆ ಒಯ್ಯುತ್ತಾರಂತೆ. ಕಲ್ಲೊಲೆಗೆ ಬೇಕಾದ್ದೆಲ್ಲ. ಬೇಕಾದರೆ ನಮ್ಮನ್ನೇ ಬೇಯಿಸಿಕೊಳ್ಳಿ ಎಂದು. ಆ ಮನೆಯವರು ಬಂದು ಚಾಪೆ ಎತ್ತಿ ಕ್ಷಮಿಸುವವರೆಗೆ ಅಲುಗುವ ಹಾಗಿಲ್ಲ. ಎತ್ತದೆಯೂ ಇರಬಹುದು. ಹೊಡೆಯಲೂಬಹುದು. ಇದೆಲ್ಲ ನಿನಗೆ ಗೊತ್ತು, ನನಗೆ ಮಾತ್ರ ಹೊಸದು.

ಚಾಪೆಯ ಕೆಳಗೆ ಯಜಮಾನಜ್ಜ. ನಾನೂ ಕೂರುತ್ತೇನೆ ಅಂದೆ. ಒಪ್ಪಿದರು. “ಎನೋಕಾ ಬರಲಾರ, ಅವನ ರಕ್ತ ಬರಲಿ.”

ರಾತ್ರಿ ಅತ್ತೆಗೆ ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ.

“ಅತ್ತೆ, ತಪ್ಪು ಮಾಡಿದವರ ಹೆಸರು ತಪ್ಪಾಗಿ ಹೇಳಿ ಚಾಪೆ ಹೊದ್ದರೆ?”

“ಅಂದ್ರೆ?”

“ಸುಮ್ಮನೆ ಕೇಳಿದೆ.”

“ಹಾಗೆ ಎತ್ತಿದ ಚಾಪೆ ಎತ್ತಿದಂಗೇ ಅಲ್ಲ. ಅವರು ಯಾರನ್ನ ಕ್ಷಮಿಸಿದ್ರು? ಗಾಳೀನಾ? ನಾಳೆ ಗೊತ್ತಾದ್ರೆ ಸತ್ತವನನ್ನ ಎರಡನೇ ಸಲ ಸಾಯಿಸಿದಂಗೆ.” ಆಮೇಲೆ ನನ್ನ ಹಣೆಯ ಗಾಯವನ್ನು ಬಹಳ ಹೊತ್ತು ನೋಡಿದಳು. “ಮಲ್ಕೋ,” ಅಂದಳು.

ಐದು ದಿನ ಇದೆ. ನಿನ್ನ ಉತ್ತರ ಅಷ್ಟರೊಳಗೆ ಬರುವುದಿಲ್ಲ. ಬರಬೇಕೆಂದು ಆಸೆ ಪಡುತ್ತಿದ್ದೇನೋ ಬಾರದಿರಲಿ ಎಂದೋ ನನಗೇ ತಿಳಿಯುತ್ತಿಲ್ಲ.

ಲೇಪೆಕಾ

*

ಆಕ್ಲೆಂಡ್
19 ಮೇ 1984, ಶನಿವಾರ ಬೆಳಿಗ್ಗೆ

ತಂಗೀ,

ನಿನ್ನ ಕಾಗದ ನಿನ್ನೆ ಸಂಜೆ ಕೈಗೆ ಬಂತು. ಇಲ್ಲಿ ಶನಿವಾರವಾಗಿದೆ, ನಿನಗೆ ಇನ್ನೂ ಶುಕ್ರವಾರ. ನೀನು ಚಾಪೆಯ ಕೆಳಗೆ ಕೂರುವುದಕ್ಕೆ ಇನ್ನೂ ಇಡೀ ಒಂದು ದಿನ ಇದೆ, ಆದರೂ ನಿನ್ನನ್ನು ಮುಟ್ಟುವ ದಾರಿಯೇ ನನಗಿಲ್ಲ. ತಂತಿ ಕೊಡಲು ಹೋದೆ. ಶನಿವಾರ ಕೊಟ್ಟರೆ ನಿಮ್ಮ ಕಡೆಗೆ ಸೋಮವಾರ ತಲುಪುತ್ತದೆ ಅಂದರು. ಊರಿನಲ್ಲಿ ಟೆಲಿಫೋನು ಇಲ್ಲ ಅಂದೆ, ತಂತಿ ಆಫೀಸಿನ ಹುಡುಗಿ ಪಾಪ ಅನ್ನುವ ಹಾಗೆ ನೋಡಿದಳು.

ಆದ್ದರಿಂದ ಇದು ತಡವಾಗಿ ತಲುಪುವ ಕಾಗದ. ತಡವಾಗಿಯೇ ಓದು.

ನಿನಗೆ ಹೇಳದ ಮಾತೊಂದಿದೆ. ಆವತ್ತು ಪಂದ್ಯ ಮುಗಿದ ಮೇಲೆ ನಾನು ನಾಲ್ಕು ಬಿಯರ್ ಕುಡಿದಿದ್ದೆ. ಪೆನಿಯೂ ಕುಡಿದಿದ್ದ. ನೀನು ಕುಡಿಯಲಿಲ್ಲ. ನಿನ್ನ ಹತ್ತಿರ ಇದ್ದದ್ದು ಕಲಿಯುವವರ ಲೈಸೆನ್ಸು. ಮಳೆಯಲ್ಲಿ ಒಂದು ದಿನವೂ ಓಡಿಸಿರಲಿಲ್ಲ. “ಬೇಡ ಅಣ್ಣಾ, ಬಸ್ಸಿಗೆ ಹೋಗೋಣ,” ಅಂದೆ ನೀನು. ನಿನಗೆ ನೆನಪಿದೆಯೋ ಇಲ್ಲವೋ. “ಹಾಸ್ಟೆಲ್ ಪುಕ್ಕಲಿ,” ಎಂದು ನಕ್ಕು ಕೀಲಿ ನಿನ್ನ ಕಡೆ ಎಸೆದವನು ನಾನು. ಎಸೆದು ಹಿಂದೆ ಹೋಗಿ ಮಲಗಿದೆ. ಕಾರು ಹೊಡೆದದ್ದೂ ನನಗೆ ಗೊತ್ತಿಲ್ಲ. ಪೊಲೀಸರು, ಕೊನೆಗೆ ಪೆನಿ ಏನಾದರೂ ಅಂದನಾ ಎಂದು ಕೇಳಿದರು. ಮಲಗಿದ್ದವನಿಗೆ ಏನು ಗೊತ್ತು? ಏನೂ ಅನ್ನಲಿಲ್ಲ ಅಂದೆ.

ಆದ್ದರಿಂದ ನಾನು ಹೇಳುತ್ತಿರುವುದು ಪೂರ್ತಿ ಸುಳ್ಳಲ್ಲ. ತಪ್ಪು ನನ್ನದೇ. ನಾನೇನೂ ನಿನಗಾಗಿ ತ್ಯಾಗ ಮಾಡುತ್ತಿಲ್ಲ. ಹಾಗಂದುಕೊಂಡು ಅಳಬೇಡ.

ಹೇಳಬೇಡ ಲೇಪೆಕಾ. ಲೆಪುನಾದ ಅಂಗಳದಲ್ಲಿ ಅಂತೂ ಹೇಳಲೇಬೇಡ. ಅಲೇಕಿಯ ಬಗ್ಗೆ ನಿನಗೆ ಗೊತ್ತಿಲ್ಲ. ಇಲ್ಲಿರುವ ಅವನ ಕಡೆಯವರ ಬಗ್ಗೆ ನನಗೆ ಗೊತ್ತು. ಅಷ್ಟೇ ಹೇಳುತ್ತೇನೆ.

ಈ ಹೊತ್ತಿಗೆ ನೀನು ಏನು ಮಾಡುತ್ತಿರಬಹುದು? ಬಹುಶಃ ಅಂಗಳ ಗುಡಿಸುತ್ತಿರುತ್ತೀಯ.

ಎನೋಕಾ

*

ಸಾತುವೈ
20 ಮೇ 1984, ಭಾನುವಾರ

ಅಣ್ಣಾ,

ಹೇಳಿದೆ.

ಮೊದಲು ಇದನ್ನೇ ಬರೆದುಬಿಡೋಣ, ನೀನು ಸಾಲು ಸಾಲಾಗಿ ಹುಡುಕುವುದು ಬೇಡ. ನನಗೆ ಏನೂ ಆಗಿಲ್ಲ. ಮೊಣಕಾಲು ಊದಿಕೊಂಡಿದೆ, ಅಷ್ಟೇ. ನಮ್ಮ ಊರಿನ ನರ್ಸು ಮಂಗಳವಾರ ವಿಮಾನ ಹತ್ತುತ್ತಾಳೆ, ಅವಳ ಕೈಯಲ್ಲಿ ಇದು.

ಮೂಡಣ ಬಿಳಿಚುವ ಹೊತ್ತಿಗೆ ಹದಿಮೂರು ಜನ ಹೋದೆವು. ಲೆಪುನಾದಲ್ಲಿ ನಾಯಿ ಬೊಗಳಿದವು, ಮನುಷ್ಯರ ಸದ್ದಿಲ್ಲ. ಪೆನಿಯ ಗೋರಿಯ ಮೇಲೆ ಸುಣ್ಣ ಇನ್ನೂ ಹಸಿಯಾಗಿತ್ತು. ಅದರ ಪಕ್ಕದಲ್ಲೇ ನಾವು ಕೂರಬೇಕಾದ ಜಾಗ. ಕಲ್ಲು, ಸೌದೆ ಇಳಿಸಿದರು. ಅಜ್ಜ ಕಾಲು ಮಡಚಿ ಕೂತರು, ನಾನು ಪಕ್ಕದಲ್ಲಿ. ಅತ್ತೆ ಚಾಪೆ ಹೊದಿಸಿದಳು. ಬೆಳಕು ಹೋಯಿತು. ಒಳಗೆ ತೆಂಗಿನೆಣ್ಣೆ ಮತ್ತು ಹಳೆಯ ಪೆಟ್ಟಿಗೆಯ ವಾಸನೆ.

ಎಷ್ಟು ಹೊತ್ತೋ. ಬಿಸಿಲೇರಿತು. ಬೆವರು ಕಣ್ಣಿಗಿಳಿದರೂ ಒರೆಸುವ ಹಾಗಿಲ್ಲ. ಆಮೇಲೆ ಕಾಲ ಸದ್ದು. ನಮ್ಮ ಸುತ್ತ ಒಬ್ಬ ನಡೆಯುತ್ತಿದ್ದ. ಮಚ್ಚಿನ ತುದಿ ಕಲ್ಲಿಗೆ ತಾಗಿಸುತ್ತಾ ನಡೆಯುತ್ತಿದ್ದ, ಟಿಂಗ್, ಟಿಂಗ್. ಅಲೇಕಿ ಎಂದು ಯಾರೂ ಹೇಳಬೇಕಿರಲಿಲ್ಲ.

“ಕಲ್ಲು ತಂದಿದಾರೆ, ಸೌದೆ ತಂದಿದಾರೆ. ಇನ್ನೇನು ನೋಡೋದು? ಹಚ್ಚೋಣ ಬೆಂಕಿ.”

“ಬಾಯ್ಮುಚ್ಚೋ,” ಅಂದಿತು ಮನೆಯೊಳಗಿಂದ ಒಬ್ಬ ಮುದುಕನ ದನಿ. “ಆ ಯಜಮಾನ ನಿನ್ನ ಹಲ್ಲಿಗೆ ಬೇಯೋನಲ್ಲ.”

ಯಾರೋ ನಕ್ಕು ತಟ್ಟನೆ ನಿಲ್ಲಿಸಿದರು. ಮಚ್ಚಿನ ತುದಿ ಚಾಪೆಗೆ ತಾಗಿತು. ನನ್ನ ತಲೆಯ ನೇರಕ್ಕೆ. ಅಜ್ಜ ಕೆಮ್ಮನ್ನು ನುಂಗಿದ್ದು ನನ್ನ ಭುಜಕ್ಕೆ ಗೊತ್ತಾಯಿತು. ಆಮೇಲೆ ಆ ತುದಿ ಹಿಂದಕ್ಕೆ ಹೋಯಿತು.

ಬಿಸಿಲು ಬೆನ್ನಿಗೆ ಬಂದ ಮೇಲೆ ಮನೆಯೊಳಗಿಂದ ಪೆನಿಯ ಅಮ್ಮ ಬಂದಳು. ಫುವಾತಿನೋ. ಒಂದಂಚು ಎತ್ತಿದಳು. ಬೆಳಕು ಕಣ್ಣಿಗೆ ಹೊಡೆಯಿತು.

“ಏಳಿ ಯಜಮಾನರೇ. ಎನೋಕಾ ನನ್ನ ಮನೇಲಿ ಉಂಡ ಹುಡುಗ. ಅವನ ಹೆಸರು ಹೊತ್ಕೊಂಡು ಬಂದಿದೀರಿ. ನನಗೆ ಇನ್ನೊಬ್ಬ ಮಗ ಬೇಡ ಸಾಯೋಕೆ. ಏಳಿ.”

ಅಣ್ಣಾ, ಅಲ್ಲಿಗೆ ಮುಗಿದಿತ್ತು. ಅಜ್ಜ ನೆಲಕ್ಕೆ ಕೈ ಊರಿದ್ದರು. ಅತ್ತೆ ಅಳಲು ಶುರುಮಾಡಿದ್ದಳು. ನಾನು ಸುಮ್ಮನೆ ಎದ್ದಿದ್ದರೆ ಸಾಕಿತ್ತು, ತಲೆ ಆಡಿಸಿದ್ದರೆ ಸಾಕಿತ್ತು.

“ಅಮ್ಮಾ, ಎನೋಕಾ ಹಿಂದೆ ಮಲಗಿದ್ದ. ಕಾರು ಓಡಿಸ್ತಿದ್ದಿದ್ದು ನಾನು.”

ಅವಳು ನನ್ನ ಮುಖ ನೋಡಲೇ ಇಲ್ಲ. ಕೈ ಬಿಟ್ಟಳು. ಚಾಪೆ ಮತ್ತೆ ನಮ್ಮ ಮೇಲೆ ಬಿತ್ತು. ಅವಳು ಒಳಗೆ ಹೋದದ್ದು ಕೇಳಿಸಿತು.

ಕತ್ತಲಲ್ಲಿ ಅಜ್ಜ ನನ್ನ ಕಡೆ ವಾಲಿದರು.

“ಕಾಲೇಜು ಹುಡುಗಿ, ಇದನ್ನ ಇವತ್ತೇ ಹೇಳಬೇಕಿತ್ತಾ?”

“ತಪ್ಪಾಯ್ತಜ್ಜಾ.”

“ತಪ್ಪಾಯ್ತು ಅನ್ನೋಕೇ ಬಂದಿರೋದು. ಬಗ್ಗಿ ಕೂತ್ಕೋ. ಇನ್ನೂ ಬಗ್ಗು.”

ಅವರು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ನಮ್ಮವರು ಯಾರೂ ಹೋಗಲಿಲ್ಲ. ಅಷ್ಟು ಹೊತ್ತು ಎಲ್ಲರೂ ನನಗೋಸ್ಕರ ಕೂತಿದ್ದರು, ಆದರೆ ಅದು ಅವರಿಗೆ ಗೊತ್ತಾದದ್ದು ಈಗ. ಮನೆಯೊಳಗೆ ಗಂಡಸರು ಕೂಗಾಡಿದರು. ಅದು ಗೋಡೆಯಿಲ್ಲದ ಕಂಬದ ಮನೆ, ಪ್ರತಿ ಮಾತೂ ಅಂಗಳಕ್ಕೆ ಬರುತ್ತಿತ್ತು. ಆದರೂ ಆ ವೇಗದಲ್ಲಿ ನನಗೆ ಅರ್ಥವಾದದ್ದು ಎರಡು ಮೂರು. ಕೈ. ಆಕ್ಲೆಂಡ್. ಎನೋಕಾ. ಆಮೇಲೆ ಗಂಡಸೊಬ್ಬ ಅಳುವ ಸದ್ದು.

ನೆತ್ತಿಯ ಮೇಲೆ ಬಿಸಿಲು ಬಂದಾಗ ಅವಳು ಮತ್ತೆ ಬಂದಳು. ಚಾಪೆ ಎತ್ತಲಿಲ್ಲ. ನನ್ನ ಮುಂದೆ ಹುಲ್ಲಿನ ಮೇಲೆ ಕೂತು, ಚಾಪೆಯ ಆಚೆಯಿಂದ ಮಾತಾಡಿದಳು.

“ಅವನು ಏನಾದ್ರೂ ಅಂದ್ನಾ? ನಿನ್ನಣ್ಣ ಪೊಲೀಸರ ಹತ್ರ ಏನೂ ಅನ್ನಲಿಲ್ಲ ಅಂದನಂತೆ. ನನ್ನ ಮಗ ಸುಮ್ಮನಿರೋ ಮಗ ಅಲ್ಲ.”

“ಅಂದ. ನಾನು ಗೇರು ಹಾಕೋದು ಮರ್ತಿದ್ದೆ. ‘ಮೂರನೇದು ಹಾಕೇ ತಾಯೀ, ಕಾರು ನಮ್ಮಮ್ಮನ ಹಂದಿ ಥರ ಕಿರುಚ್ತಾ ಇದೆ,’ ಅಂದ. ನನಗೆ ನಗು ಬಂತು. ಅವನೂ ನಗ್ತಿದ್ದ. ಅಷ್ಟರಲ್ಲಿ ಜಾರಿತು.”

ಆ ಕಡೆಯಿಂದ ಒಂದು ಶಬ್ದ ಬಂತು. ನಗುವೋ ಅಳುವೋ ನನಗೆ ತಿಳಿಯಲಿಲ್ಲ, ಅವಳಿಗೂ ತಿಳಿದಿರಲಿಲ್ಲ ಅನ್ನಿಸುತ್ತದೆ.

“ಹಂದಿ ಅಂದ್ನಾ?”

“ಹೂಂ.”

“ಆ ಹಂದೀನ ಅವನ ಮಣ್ಣಿನ ದಿನ ಕಡಿದ್ವಿ.”

ಅವಳೇ ಎರಡೂ ಕೈಯಿಂದ ಚಾಪೆ ಎತ್ತಿದಳು. ಪೂರ್ತಿ ಎತ್ತಿ ಮಡಚಿ ತೊಡೆಯ ಮೇಲೆ ಇಟ್ಟುಕೊಂಡಳು. “ಈಗ ಯಾರನ್ನ ಎಬ್ಬಿಸ್ತಿದೀನಿ ಅಂತ ನಂಗೆ ಗೊತ್ತು,” ಅಂದಳು. “ಏಳು.”

ಏಳಲು ಆಗಲಿಲ್ಲ. ಕಾಲು ಮರಗಟ್ಟಿತ್ತು. ತೋಳು ಹಿಡಿದು ಎತ್ತಿದವನು ಅಲೇಕಿ. ಎಡಗೈಯಲ್ಲಿ ಹಿಡಿದ. ಮಚ್ಚು ಎಲ್ಲೋ ಬಿಟ್ಟು ಬಂದಿದ್ದ. ಮುಖ ನೋಡಲು ಹೆದರಿಕೆಯಾಯಿತು.

ಆಮೇಲೆ ಫುವಾತಿನೋ ಹೇಳಿದಳು. ಮೇ ಮೊದಲ ವಾರ ಅವರ ಕಡೆಯ ಮೂವರು ಹುಡುಗರು ಆಕ್ಲೆಂಡಿನಲ್ಲಿ ನಿನ್ನನ್ನು ಹಿಡಿದು ಬಲಗೈ ಮುರಿದರಂತೆ. ಅಲೇಕಿ ಇಲ್ಲಿಂದ ಹೇಳಿ ಕಳಿಸಿದ್ದನಂತೆ. ಕಾರ್ಖಾನೆಯ ಬಾಗಿಲು! ನಾನು ಸಿಟ್ಟು ಅಂದುಕೊಂಡೆ. ನಾಲ್ಕು ಸಲ ಓದಿಯೂ ಸಿಟ್ಟು ಅಂದುಕೊಂಡೆ.

“ನಿನ್ನಣ್ಣ ಒಳ್ಳೇ ಕೆಲಸ ಮಾಡಿದೆ ಅಂದ್ಕೊಂಡಿದಾನೆ,” ಅಂದಳು ಅವಳು. ದನಿಯಲ್ಲಿ ದಯೆ ಇರಲಿಲ್ಲ. “ಆ ಸುಳ್ಳಿನಿಂದ ನನ್ನ ಮಕ್ಕಳು ತಪ್ಪಿಲ್ಲದವನ ಮೂಳೆ ಮುರಿದ್ರು. ಈಗ ನಾವೂ ಚಾಪೆ ಹುಡುಕಬೇಕು. ಹೋಗಿ ಹೇಳು ಅವನಿಗೆ.”

ಅದಕ್ಕೆ ಬರೆಯುತ್ತಿದ್ದೇನೆ. 28ಕ್ಕೆ ಒಪ್ಪಿಕೊಳ್ಳಬೇಡ. ನಾನು ಬರುತ್ತೇನೆ.

ಲೇಪೆಕಾ

*

ತಂತಿ
ಆಕ್ಲೆಂಡ್, 24 ಮೇ 1984

ಒಪ್ಪಲಾರೆ. ಕೀಲಿ ಕೊಟ್ಟವನು ನಾನು. ಸೋಮವಾರ ತಪ್ಪೊಪ್ಪಿಗೆ ಖಚಿತ. ವಕೀಲರಿಗೆ ಏನೂ ಹೇಳಿಲ್ಲ, ಹೇಳುವುದಿಲ್ಲ. ಅಲ್ಲೇ ಇರು. ವಿಮಾನ ಹತ್ತಬೇಡ. ಎನೋಕಾ

*

ಫಾಲೆಯೋಲೋ ವಿಮಾನ ನಿಲ್ದಾಣ
26 ಮೇ 1984, ಶನಿವಾರ

ಅಣ್ಣಾ,

ಬಾಗಿಲು ತೆಗೆಯುವ ಮುಂಚೆ ಇದನ್ನು ಓದು. ಇದು ಬಾಗಿಲ ಕೆಳಗಿನಿಂದ ಒಳಗೆ ಬಂದಿರುತ್ತದೆ. ಅಲ್ಲಿಗೆ ಭಾನುವಾರ ಬೆಳಿಗ್ಗೆ ಆಗಿರುತ್ತದೆ.

ನಿನ್ನ ತಂತಿ ಗುರುವಾರ ಸಂಜೆ ಬಂತು. 19ರ ಕಾಗದ ಅದಕ್ಕಿಂತ ಒಂದು ದಿನ ಮುಂಚೆ. ಎರಡನ್ನೂ ಅತ್ತೆಗೆ ಓದಿ ಹೇಳಿದೆ. ಇನ್ನು ಮೇಲೆ ಏನನ್ನೂ ಮುಚ್ಚಿಡಲು ನನ್ನಿಂದ ಆಗುವುದಿಲ್ಲ. ಅವಳು ಕೆಸವಿನೆಲೆ ಮಡಚುತ್ತಾ ಕೇಳಿಸಿಕೊಂಡಳು. ಮುಗಿದ ಮೇಲೆ ಕೇಳಿದಳು.

“ಅವನು ನಿಂಗೆ ಅಪ್ಪಣೆ ಮಾಡ್ತಿದಾನಾ?”

“ಹಾಗೇ ಕಾಣ್ತದೆ.”

“ನಮ್ಮಮ್ಮ ಅವನಿಗೆ ಅರ್ಧ ಪಾಠ ಹೇಳಿ ಸತ್ಲು ಅನ್ಸತ್ತೆ. ತಂಗಿ ಮೇಲೆ ಬೀಳೋ ಏಟು ಅಣ್ಣ ತಿನ್ನಬೇಕು, ಸರಿ. ಆದ್ರೆ ತಂಗಿ ಕೂತು ಒಂದು ಮಾತು ಆಡಿದ್ರೆ ಅದನ್ನ ಮೀರೋಕೆ ಅಣ್ಣನಿಗೆ ನಾಲಿಗೆ ಇಲ್ಲ. ನಿಮ್ಮಪ್ಪ ನನ್ನ ಮಾತು ಮೀರಿದ್ದು ಒಂದೇ ಸಲ, ನಿಮ್ಮಮ್ಮನ್ನ ಮದುವೆ ಆಗುವಾಗ. ಆಗಲೂ ಮೊದಲು ಬಂದು ನನ್ನ ಮುಂದೆ ಕೂತು ಅತ್ತ.”

ಹಾಗಾದರೆ ಕೇಳು. ಹದಿನೆಂಟು ವರ್ಷದಲ್ಲಿ ನಿನಗೆ ನಾನು ಒಂದು ಮಾತೂ ಆಡಿಲ್ಲ. ನೀನು ಹೇಳಿದ್ದಕ್ಕೆಲ್ಲ ತಲೆ ಆಡಿಸಿದ್ದೇನೆ. ನನಗೆ ಆ ಹಕ್ಕಿದೆ ಎಂದೇ ಗೊತ್ತಿರಲಿಲ್ಲ. ಈಗ ಕೂತಿದ್ದೇನೆ, ವಿಮಾನ ನಿಲ್ದಾಣದ ಬೆಂಚಿನ ಮೇಲೆ, ಕಾಲು ಮಡಚಿ. ಎದುರಿನ ಪ್ರವಾಸಿಗಳು ವಿಚಿತ್ರವಾಗಿ ನೋಡುತ್ತಿದ್ದಾರೆ. ನೋಡಲಿ.

ನೀನು ಸೋಮವಾರ ಕೋರ್ಟಿನಲ್ಲಿ ನಿಂತು, “ಓಡಿಸಿದ್ದು ನಾನು” ಎಂದು ಹೇಳಕೂಡದು. ಕುಡಿದದ್ದು, ಕೀಲಿ ಎಸೆದದ್ದು, ಪೊಲೀಸರಿಗೆ ಸುಳ್ಳು ಹೇಳಿದ್ದು ನಿನ್ನ ಪಾಲು. ಅದನ್ನು ಹೇಳು, ಅದಕ್ಕೆ ಏನು ಶಿಕ್ಷೆಯೋ ಅದನ್ನು ತಗೋ. ನೀನು ಎಸೆದ ಕೀಲಿಯನ್ನು ಹಿಡಿದುಕೊಂಡವಳು ನಾನು. ಬೇಡ ಎಂದ ಬಾಯಲ್ಲೇ ಹೋಗಿ ಸ್ಟೀರಿಂಗಿನ ಮುಂದೆ ಕೂತೆ. ಆಮೇಲಿನದ್ದು ನನ್ನದು. ಅದಕ್ಕೆ ಕೈ ಹಾಕಬೇಡ.

ಹೆದರಿಕೆ ಇಲ್ಲ ಎಂದು ಹೇಳುವುದಿಲ್ಲ. ವಿಶ್ವವಿದ್ಯಾಲಯದವರು ಏನು ಮಾಡುತ್ತಾರೋ, ಅಮ್ಮನಿಗೆ ಹೇಗೆ ಹೇಳುವುದೋ, ಒಳಗೆ ಹಾಕಿದರೆ ಅದು ಹಾಸ್ಟೆಲಿನ ಹಾಗೇ ಇರುತ್ತದೋ ಇನ್ನೂ ಕೆಟ್ಟದ್ದೋ, ಎಲ್ಲ ಯೋಚನೆ ಮಾಡಿದ್ದೇನೆ. ಯೋಚನೆ ಮಾಡುವುದೊಂದು ನನಗೆ ಚೆನ್ನಾಗಿ ಬರುತ್ತದೆ. ನೀನು ಇದನ್ನು ಓದುವ ಹೊತ್ತಿಗೆ ನಾನು ವಿಮಾನ ನಿಲ್ದಾಣದಿಂದ ನೇರವಾಗಿ ಪೊಲೀಸ್ ಠಾಣೆಗೆ ಹೋಗಿ ಹೆಸರು ಬರೆಸಿರುತ್ತೇನೆ. ನನ್ನನ್ನು ತಡೆಯಲು ಓಡಿ ಬರಬೇಡ. ಅಷ್ಟರಲ್ಲಿ ಮುಗಿದಿರುತ್ತದೆ. ಅಲ್ಲದೆ ನಿನ್ನ ಅಂಗಳದಲ್ಲಿ ಬೇರೆ ಕೆಲಸ ಇದೆ.

ನಾನು ಒಬ್ಬಳೇ ಬರುತ್ತಿಲ್ಲ. ಅಲೇಕಿ ಜೊತೆಗಿದ್ದಾನೆ. ಕುಟುಂಬದ ಪರವಾಗಿ ಕೋರ್ಟಿನಲ್ಲಿ ನಿಂತು, ಇವರು ಬಂದು ತಲೆಬಾಗಿದರು, ನಾವು ಎಬ್ಬಿಸಿದೆವು ಎಂದು ಹೇಳಲು ಅವನ ಅಮ್ಮ ಕಳಿಸಿದ್ದಾಳೆ. ನ್ಯಾಯಾಧೀಶರು ಅದಕ್ಕೆ ಎಷ್ಟು ಬೆಲೆ ಕೊಡುತ್ತಾರೋ ಗೊತ್ತಿಲ್ಲ. ಇದುವರೆಗೆ ಅವನು ನನ್ನ ಜೊತೆ ಆಡಿದ್ದು ಎರಡೇ ಮಾತು. ಲಾಂಚಿನಲ್ಲಿ, “ವಾಂತಿ ಬಂದ್ರೆ ಆ ಕಡೆ ತಿರುಗು.” ಈಗ, “ಅವನ ಮನೆ ಮುಂದೆ ಹುಲ್ಲಿದೆಯಾ?” ಇದೆ ಅಂದೆ. ನಾಲ್ಕು ಹೆಜ್ಜೆಯಷ್ಟು, ತಂತಿ ಬೇಲಿಯ ಒಳಗೆ. “ಸಾಕು,” ಅಂದ.

ಈ ಕಾಗದವನ್ನು ನಿನ್ನ ಬಾಗಿಲ ಕೆಳಗೆ ತೂರಿಸುವವನೂ ಅವನೇ. ಅವನ ಕಂಕುಳಲ್ಲಿ ಒಂದು ಚಾಪೆ ಇದೆ. ಅವರ ಮನೆಯ ಅತ್ಯಂತ ಹಳೆಯದು. ಆಕ್ಲೆಂಡಿನ ಆ ಮೂವರು ಹುಡುಗರೂ ಅಲ್ಲಿಗೆ ಬರುತ್ತಾರೆ, ಆದರೆ ಕೆಳಗೆ ಕೂರುವವನು ಅವನೇ.

ಬೇಗ ಎತ್ತಿದರೆ ಅವನ ತಪ್ಪು ಚಿಕ್ಕದೆಂದ ಹಾಗೆ. ತಡ ಮಾಡಿದರೆ ಏನೆಂದು ಲೆಪುನಾದ ಅಂಗಳದಲ್ಲಿ ನನಗೆ ಗೊತ್ತಾಗಿದೆ. ಎಷ್ಟು ಹೊತ್ತು ಎನ್ನುವುದನ್ನು ನಾನು ಹೇಳಲಾರೆ. ಕೈ ನಿನ್ನದು. ಆದರೆ ನಿನ್ನ ಕಡೆ ಈಗ ಚಳಿಗಾಲ, ಅವನು ಜೀವಮಾನದಲ್ಲಿ ಚಳಿ ಕಂಡವನಲ್ಲ, ಮೈಮೇಲೆ ಒಂದು ಅಂಗಿ ಬಿಟ್ಟರೆ ಏನೂ ಇಲ್ಲ.

ಓದಿದ್ದು ಸಾಕು. ಬಾಗಿಲು ತೆಗೆ.

ಲೇಪೆಕಾ